ಏರಿ ಮೇಲಿನ ಮರ್ಯಾದಸ್ಥರು

ಕಾಲುವೆಗೆ ನೀರು ಬಿಟ್ಟ ಮರುವರ್ಷ ಕರಿಬಸಪ್ಪನಿಗೆ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಮಸ್ಕಿಯಿಂದ ಹೆಂಡತಿ ಕಲ್ಯಾಣಮ್ಮನನ್ನೂ ಸಾಮಾನನ್ನೂ ಒಂದೇ ಬಂಡಿಯಲ್ಲಿ ಹೇರಿಕೊಂಡು ಬಂದು, ಗಿರಣಿ ಹಿಂದಿನ ಬಾಡಿಗೆ ಮನೆಯಲ್ಲಿ ಇಳಿಸಿದ. "ಹೊಸ ಓಣಿ, ಮರ್ಯಾದಸ್ಥರ ಓಣಿ" ಎಂದು ದಾರಿಯುದ್ದಕ್ಕೂ ಹೊಗಳಿದ್ದೇ ಹೊಗಳಿದ್ದು.

ಮರುದಿನ ಅವನು ಕೆಲಸಕ್ಕೆ ಹೋದ ಮೇಲೆ ಕಲ್ಯಾಣಮ್ಮ ಓಣಿ ನೋಡಲು ಹೊರಟಳು. ಗಿರಣಿಯ ತೌಡಿನ ಧೂಳು ಮೂಗು ತುಂಬಿತು. ಗಟಾರಿನಲ್ಲಿ ಹಂದಿಯೊಂದು ಮರಿಗಳಿಗೆ ಮೊಲೆಯುಣಿಸುತ್ತ ಮಲಗಿತ್ತು. ದಾಟುವುದಾದರೆ ಅದರ ಮೈಮೇಲೆಯೇ ದಾಟಬೇಕು. ಬಾವಿಯ ಹಗ್ಗ ಮುಟ್ಟಿದರೆ ಅಂಗೈಗೆಲ್ಲ ಲೋಳೆ.

"ಹೊಸ ಓಣಿ ಅಂದ್ರು. ನಡುವಿನ 'ಲ' ನುಂಗಿಬಿಟ್ಟಾರ," ಎಂದು ಸೆರಗು ಮೂಗಿಗೊತ್ತಿಕೊಂಡಳು.

ಓಣಿಯ ತುದಿಯಲ್ಲಿ ಪೊಲೀಸ್ ಜಮಾದಾರ ಗೌಸ್‌ಸಾಬ್ ಬಂಡಿಯವನೊಬ್ಬನನ್ನು ಮೂಗಿನಲ್ಲೇ ಗದರುತ್ತಿದ್ದ: "ಹಟಾವ್ ಬೇ! ನಿಮ್ಮಪ್ಪಂದೇನ್ ಸಡಕು?" ಕಲ್ಯಾಣಮ್ಮನಿಗೆ ಯಾರ ದನಿ ಕೇಳಿದರೂ ಅಣಕಿಸಲು ಗಂಟಲು ತುರಿಸುತ್ತಿತ್ತು. ಮನೆಗೆ ಬಂದವಳೇ ಖಾಲಿ ಕೊಡದೊಳಗೆ ಬಾಯಿಟ್ಟು ಅದನ್ನೇ ಅಂದು ನೋಡಿದಳು. ಕೊಡವೇ ಬೆದರಿತೆನ್ನಬೇಕು!

ಆದರೆ ಅವಳು ಹುಡುಕಹೋಗಿದ್ದ ಜಾಗ ಸಿಕ್ಕಿರಲಿಲ್ಲ. ಮನೆಯಲ್ಲಿ ಪಾಯಖಾನೆ ಇಲ್ಲ. ನಿನ್ನೆಯಿಂದ ತಡೆದುಕೊಂಡೇ ಇದ್ದಳು. ಕೊನೆಗೆ ಪಕ್ಕದ ಮನೆಯ ದಾವಲ್‌ಬೀಯನ್ನು ಕೇಳಿದಳು.

"ಇಲ್ಲಿ ಹೆಣ್ಮಕ್ಕಳು ಬಯಲಿಗೆ ಎಲ್ಲಿ ಹೋಗ್ತೀರಿ ಅಕ್ಕಾ?"

"ಆಳೆತ್ತರ ಜಾಲಿ ಇತ್ತವಾ, ಮರೆ ಇತ್ತು. ಕಾಲುವಿ ಬಂತು, ಜಾಲಿ ಕಡದು ಗದ್ದಿ ಮಾಡಿದ್ರು. ಈಗ ಏರಿ ಕೆಳಗಿನ ಬಟಾಬಯಲ ಗತಿ. ಹೊತ್ತು ಮುಳುಗ್ಲಿ, ನಾನೂ ಬರ್ತೀನಿ."

ಮಬ್ಬುಗತ್ತಲಲ್ಲಿ ಇಬ್ಬರೂ ಹೋದರು. ಅಲ್ಲಿ ಆಗಲೇ ಹೆಂಗಸರ ಗುಂಪು, ಕೈಯಲ್ಲಿ ತಂಬಿಗೆ ಹಿಡಿದು ನಿಂತೇ ಇತ್ತು. ಎದುರಿಗೆ, ಕಾಲುವೆಯ ಏರಿ ಮೇಲೆ, ಸಾಲಾಗಿ ಬೀಡಿಯ ಕಿಡಿಗಳು. ಯಾರೋ ಬೇಕಂತಲೇ ಕೆಮ್ಮಿದ. ಉಳಿದವರು ನಕ್ಕರು.

"ದಿನಾ ಇದ ಹಾಡು," ದಾವಲ್‌ಬೀ ಪಿಸುಗುಟ್ಟಿದಳು. "ಅವರು ಏಳೋತನಕ ನಾವು ನಿಲ್ಲೋದು. ಕೇಳಿದ್ರ ಗಾಳಿಗೆ ಕುಂತೀವಿ ಅಂತಾರ."

ಹಂದಿಯಾದರೂ ತನ್ನ ಪಾಡಿಗೆ ತಾನು ಮಲಗಿತ್ತು. ಕಲ್ಯಾಣಮ್ಮ ಭತ್ತದ ಹೊಟ್ಟಿನ ರಾಶಿಯ ಹಿಂದೆ ಸರಿದು, ಮೂಗು ಹಿಡಿದು ಕೂಗಿದಳು:

"ಹಟಾವ್ ಬೇ! ಯಾರದು ಏರಿ ಮ್ಯಾಲೆ? ನಡೀರಿ ಠಾಣೆಕ್ಕ!"

ಕಿಡಿಗಳು ದಿಕ್ಕಾಪಾಲಾದವು. ಒಬ್ಬ ಮಾತ್ರ ಗದ್ದೆಗೆ ಹಾರಿ ಮೊಣಕಾಲುದ್ದ ಕೆಸರಲ್ಲಿ ಹೂತು ಚೀರಿದ: "ಸಾಹೇಬ್ರ, ನಾ ಇವರ ಜೋಡಿ ಅಲ್ರೀ! ಗಿರಣಿ ಗುಮಾಸ್ತ ಕರಿಬಸಪ್ಪ, ನಿನ್ನಿ ಬಂದೀನ್ರೀ!"

ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಕಲ್ಯಾಣಮ್ಮನಿಗೆ ನಗು ಬರಲಿಲ್ಲ.

ಮನೆಯಲ್ಲಿ ಕರಿಬಸಪ್ಪ ಕಾಲು ತೊಳೆದು, ವಿಭೂತಿ ಹಚ್ಚಿ, ಏನೂ ಆಗದವನಂತೆ ಊಟಕ್ಕೆ ಕುಳಿತ.

"ಈ ಊರ ಜಮಾದಾರ ಭಾಳ ಕೆಟ್ಟಾವ. ಮರ್ಯಾದಸ್ಥರಿಗೆ ಗಾಳಿಗೂ ಕುಂದ್ರಗೊಡಂಗಿಲ್ಲ."

ಅವಳು ರೊಟ್ಟಿ ಬಡಿಯುತ್ತಲೇ, ತಿರುಗದೆ, ಮೂಗಿನಲ್ಲಿ ಅಂದಳು: "ಹೌದೇನ್ ಬೇ?"

ಅವನು ಮುರಿದ ರೊಟ್ಟಿ ತಾಟಿಗಿಟ್ಟು ಅವಳತ್ತ ತಿರುಗಿದ.

"ತಂಬಿಗಿ ಹಿಡಕೊಂಡು ಕೆಳಗ ನಿಂತಾಕಿ ನಾನ. ನೀವು ನಕ್ಕಿದ್ದೂ ಕೇಳಿಸ್ತು."

"ನೀ ಅದೀ ಅಂತ ಗೊತ್ತಿದ್ರ ನಾ ನಗತಿದ್ನೇನ? ಬ್ಯಾರೆ ಯಾರೋ ಹೆಂಗಸ್ರು ಅಂತ..."

ತಪ್ಪು ತೀರಿತೆಂಬಂತೆ ಹೇಳಿದ. ಅವಳಿಗೆ ಅದೇ ಎಲ್ಲಕ್ಕಿಂತ ಹೇಸಿಗೆಯಾಯಿತು.

"ನಾಳಿ ಗಳ, ಜ್ವಾಳದ ದಂಟು ತಂದು ಏರಿ ಕೆಳಗ ತಡಿಕಿ ಕಟ್ರಿ. ಹಗಲ ಕಟ್ರಿ, ನಿಮ್ಮ ಮರ್ಯಾದಸ್ಥರೆಲ್ಲಾ ನೋಡ್ಲಿ. ಇಲ್ಲಾಂದ್ರ ನನಗ ಮಸ್ಕಿ ಬಂಡಿ ತರ್ರಿ."

ಅವನು ಕಟ್ಟಿದ. ಏರಿ ಮೇಲಿನವರು "ಏನ್ರೀ ಗುಮಾಸ್ತರ, ಮಹಲು ಕಟ್ಟಾಕತ್ತೀರೇನು?" ಎಂದರೆ ತಲೆ ಎತ್ತಲಿಲ್ಲ. ಸಂಜೆ ಹೆಂಗಸರು ತಡಿಕೆಯ ಮರೆಗೆ ಹೋದರು, ಕಲ್ಯಾಣಮ್ಮನೂ ಹೋದಳು.

ರಾತ್ರಿ ಅವನು ಬಿಸಿ ರೊಟ್ಟಿಗೆ ಕೈ ಚಾಚಿದ. ಅವಳು ಆ ಕೈಗೆ ಹಾಕಲಿಲ್ಲ. ಬುಟ್ಟಿಯನ್ನು ಅವನತ್ತ ತಳ್ಳಿ ಎದ್ದುಹೋದಳು.