ಬಂಡಿಯಲ್ಲಿ ಉಳಿದ ಎಣ್ಣೆ

"ಮನ್ಯಾಗ ಕರಿದ ಎಣ್ಣಿ ವಾಸನಿ ಯಾಕ ಬರಾಕತ್ತೈತಿ?"

ಹೇಳದೆ ಕೇಳದೆ ಮಧ್ಯಾಹ್ನವೇ ಮನೆಗೆ ಬಂದ ಅಪ್ಪ ಬಾಗಿಲಲ್ಲೇ ಗುಡುಗಿದ.

ರಾಯದುರ್ಗದ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಮಿರ್ಚಿ ಬಂಡಿ. ಬಳ್ಳಾರಿಯಲ್ಲಿ ಅವನ ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು, ಕಾದು ಕಾದು ಕಪ್ಪಾದ ಎಣ್ಣೆ ಬಾಯಿಗಿಡಬೇಡ ಎಂದು ಗದರಿ ಕಳಿಸಿದ್ದರು. ಅಂದಿನಿಂದ ಮನೆಗೆ ಗಾಣದ ಶೇಂಗಾ ಎಣ್ಣೆ ಬರುತ್ತದೆ. ಅದನ್ನೂ ಅವ್ವ ಚಮಚದಲ್ಲಿ ಅಳೆದೇ ಹಾಕುತ್ತಾಳೆ. ಊರಿನವರಿಗೆ ಮಾತ್ರ ಅಪ್ಪ ಇವತ್ತಿಗೂ ಆ ಕಪ್ಪೆಣ್ಣೆಯಲ್ಲೇ ಕರಿದು ಕೊಡುತ್ತಾನೆ. ನಾನು ಕೇಳಿದರೆ ಬೈಯುತ್ತಾನೆ.

"ನನ್ನ ಸಾಯಿಸಬೇಕಂತ ಮಾಡೀಯೇನು, ಪಂಪಮ್ಮ?"

ಅವ್ವನ ಮೇಲೆ ರೇಗುತ್ತ ಅಪ್ಪ ಅಡುಗೆಮನೆಗೆ ನುಗ್ಗಿ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಎತ್ತಿದ. ಬದನೆಕಾಯಿ ಪಲ್ಯ ಕಪ್ಪೆಣ್ಣೆಯಲ್ಲಿ ತೇಲುತ್ತಿತ್ತು.

"ಅದು ನಂದ್ರಿ," ಎಂದಳು ಅವ್ವ. "ನಿಮಗ ಬ್ಯಾರೆ ಮಾಡ್ತೀನಿ. ಬಂಡ್ಯಾಗ ಉಳಿದ ಎಣ್ಣಿ ಚೆಲ್ಲಾಕ ಮನಸ್ಸು ಬರಂಗಿಲ್ಲ. ಚೊಲೋ ಎಣ್ಣಿ ನಿಮಗಿರ್ಲಿ ಅಂತ ನಾನು ಇದ್ರಾಗ ಮಾಡ್ಕೊಂಡು ಉಣ್ತೀನಿ."

ಅವಳ ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಬಲಗೈ ಎಡಭುಜವನ್ನು ಒತ್ತಿ ಹಿಡಿದಿತ್ತು.

ಅಪ್ಪನ ದನಿ ಇಳಿಯಿತು. "ಕೈ ಯಾಕ ಹಿಡ್ಕೊಂಡಿ?"

"ಮುಂಜಾನಿಂದ ಸೆಳೀತೈತ್ರಿ. ಗ್ಯಾಸ್ ಇರಬೇಕು."

ಅಪ್ಪನಿಗೆ ಮೊದಲ ಸಲ ಎದೆನೋವು ಬಂದಾಗಲೂ ನಾವೆಲ್ಲ ಗ್ಯಾಸ್ ಎಂದೇ ಅಂದಿದ್ದೆವು. ಅವನು ಆಟೋ ಹಿಡಿಯಲು ಬರಿಗಾಲಲ್ಲೇ ಬೀದಿಗೆ ಓಡಿದ.

ಗೋಡೆಗೆ ಒರಗಿ ಕುಸಿಯುತ್ತ ಅವ್ವ ನನ್ನತ್ತ ಕೂಗಿದಳು: "ವಿದ್ಯಾ, ಅವರನ್ನ ಹಿಡಿಯೇ! ಓಡಬಾರದಂತ ಡಾಕ್ಟರು ಹೇಳ್ಯಾರ!"