ಹೂ ಕೊಟ್ಟ ಮೈಲಿಗಲ್ಲು

ಇದು ನಡೆದ ಕಥೆ. ನಡೆದದ್ದು ಅಂದರೆ ಯಾವ ದಾರಿಯಲ್ಲಿ ನಡೆಯಿತು ಅಂತ ಕೇಳುವವರು ಇದ್ದೇ ಇರುತ್ತಾರೆ. ಬೆಟ್ಟದಪುರದ ಪಕ್ಕದ ಹೊನ್ನೇಕೊಪ್ಪಲಿನ ಬಸವರಾಜುವಿನ ನಿದ್ದೆಗೆಡಿಸಿದ್ದೂ ಇಂಥದೇ ಒಂದು ಪ್ರಶ್ನೆ.

ಕೇಳಿದವರು ಕೆ.ಆರ್. ನಗರದ ಕಡೆಯ ಗುರುಮಲ್ಲಪ್ಪನವರು. ಬಸವರಾಜು ನೋಡಿ ಮೆಚ್ಚಿದ್ದ ಹುಡುಗಿ ಮಲ್ಲಾಜಮ್ಮನ ಸೋದರಮಾವ. ಹುಡುಗಿಗೆ ತಂದೆ ಇರಲಿಲ್ಲ. ಹೂಂ ಅನ್ನುವುದೂ ಊಹೂಂ ಅನ್ನುವುದೂ ಮಾವನದೇ. ಹೆಣ್ಣು ನೋಡುವ ದಿನ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಅವರು ಕೇಳಿದರು: “ಎಲ್ಲಾ ಸರಿ. ನಿಮ್ಮೂರ್ಗೆ ರಸ್ತೆ ಅದಾ?”

“ಅದೆ,” ಎಂದುಬಿಟ್ಟ ಬಸವರಾಜು. ಒಳಬಾಗಿಲಲ್ಲಿ ಮಲ್ಲಾಜಮ್ಮ ನಿಂತಿದ್ದಳು. ಚಂದ್ರನಿಗೆ ರಸ್ತೆ ಅದಾ ಅಂದಿದ್ದರೂ ಅದೆ ಅನ್ನುತ್ತಿದ್ದ.

“ರಸ್ತೆ ಅಂದ್ರೆ ಯಾವ್ದು ಗೊತ್ತೇನಪ್ಪ? ಎದುರುಬದರು ಎರಡು ಗಾಡಿ ಬಂದ್ರೆ, ಬೀಡಿಗೆ ಬೆಂಕಿ ಕೊಟ್ಟು ಇಸ್ಕಂಡು ಅಂಗೇ ದಾಟ್ಕಂಡು ಓಗಂಗಿರ್ಬೇಕು. ಅದು ರಸ್ತೆ. ಒಂದು ಗಾಡಿ ಒಲಕ್ಕೆ ಇಳೀಬೇಕು ಅಂದ್ರೆ ಅದು ಗಾಡಿದಾರಿ. ಇಳಿಯಕ್ಕೂ ಜಾಗಿಲ್ದೆ ಎತ್ತು ಬಿಚ್ಚಿ ಹಿಂದಕ್ಕೆ ನೂಕ್ಬೇಕು ಅಂದ್ರೆ ಓಣಿ. ಎತ್ತೇ ನಾನೊಲ್ಲೆ ಅಂತ ನಿಂತ್ಕಂಡ್ರೆ ಕಾಲ್ದಾರಿ. ನನ್ ಇನ್ನೊಬ್ಳು ತಂಗೀನ ಓಣಿ ಊರ್ಗೆ ಕೊಟ್ಟು ಕೆಟ್ಟೆ ಕಣಪ್ಪ. ಮಳೆ ಇಡಿದ್ರೆ ತೌರಿಗೆ ಬರಕ್ಕಾಗಲ್ಲ ಅವಳಿಗೆ. ಇವಳಿಗೂ ಅಂಗಾಗ್ಬಾರ್ದು. ಭಾನ್ವಾರ ಮನೆ ನೋಡಕ್ಕೆ ಬತ್ತೀನಿ, ದಾರೀನೂ ನೋಡ್ದಂಗಾಯ್ತದೆ.”

ಊರಿಗೆ ಬಂದ ಬಸವರಾಜು ಕೂತಲ್ಲಿ ಕೂರಲಿಲ್ಲ. ಊರಿಗಿದ್ದದ್ದು ಒಂದು ಓಣಿ. ಎರಡು ಕಡೆಯೂ ಕತ್ತಾಳೆ ಬೇಲಿ, ನಡುವೆ ಗಾಡಿಚಕ್ರ ಕೊರೆದ ಎರಡು ಗುಂಡಿಸಾಲು. ಅದರ ಈ ತುದಿಯಿಂದ ಆ ತುದಿಗೆ ನಡೆದ, ಕೈ ಚಾಚಿ ಅಗಲ ನೋಡಿದ, ಮುಳ್ಳು ತರಚಿತು. ತಾಯಿ ಪುಟ್ಟತಾಯಮ್ಮ ಊಟಕ್ಕೆ ಕರೆದರೆ ತಟ್ಟೆಯ ಮುಂದೆ ಕೂತು, ಎದ್ದು, ಮತ್ತೆ ಓಣಿಗೆ ಹೋದ.

ಶನಿವಾರ ಸಂಜೆ ಸ್ನೇಹಿತ ಪುಟ್ಟಸ್ವಾಮಿ ಅಲ್ಲೇ ಸಿಕ್ಕಿದ. ಇಬ್ಬರೂ ಮೈಸೂರಿನಲ್ಲಿ ಓದಿದವರು. ಬಸವರಾಜು ಅಲ್ಲಿಂದ ಬಿ.ಎ. ತಂದ, ಪುಟ್ಟಸ್ವಾಮಿ ಮೇಷ್ಟ್ರುಗಳ ದನಿಗಳನ್ನೆಲ್ಲ ತಂದ. ಸಂಗತಿ ಕೇಳಿದವನೇ ತಾನು ಕಂಡೇ ಇರದ ಗುರುಮಲ್ಲಪ್ಪನವರ ದನಿ ತೆಗೆದ. “ಎತ್ತೇ ನಾನೊಲ್ಲೆ ಅಂದ್ರೆ ಕಾಲ್ದಾರಿ ಕಣಪ್ಪ! ಲೇ, ಯಾಕ್ಲಾ ಒದ್ದಾಡ್ತೀಯ? ರಸ್ತೆ ಮಾಡಕ್ಕೆ ತಿಂಗ್ಳು ಬೇಕು. ರಸ್ತೆ ಅನ್ಸಕ್ಕೆ ಒಂದು ಮೈಲಿಗಲ್ಲು ಸಾಕು.”

“ಯಾರ್ಗೂ ಗೊತ್ತಾಗ್ಬಾರ್ದು ಮತ್ತೆ.”

“ನಿಮ್ಮವ್ವಂಗೂ ಯೋಳ್ಬ್ಯಾಡ.”

ಹಿತ್ತಲಲ್ಲಿ ಬಿದ್ದಿದ್ದ ಎಮ್ಮೆ ಕಟ್ಟುವ ಕಲ್ಲಿನ ಕಂಬವನ್ನು ಓಣಿಯ ಬಾಯಲ್ಲಿ ನೆಟ್ಟರು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಗೆ ಬಳಿದು ಮಿಕ್ಕಿದ್ದ ಸುಣ್ಣ ಮೈಗೆ, ಕೆಮ್ಮಣ್ಣು ತಲೆಗೆ. ಗಾಡಿಯ ಕೀಲೆಣ್ಣೆಯಲ್ಲಿ ಬೆರಳದ್ದಿ ಪುಟ್ಟಸ್ವಾಮಿ ‘ಹುಣಸೂರು’ ಎಂದು ಬರೆದು ನಿಂತ. “ಮೈಲಿ ಆಕ್ಲಾ, ಕಿಲೋಮೀಟರ್ ಆಕ್ಲಾ?”

“ಮೈಲೀನೇ ಆಕು, ಹದಿನೇಳು. ಕಿಲೋಮೀಟರಲ್ಲಿ ನಮ್ಮೂರು ಇನ್ನೂ ದೂರ ಓಯ್ತದೆ.”

ಅವಸರಕ್ಕೆ ಕಲ್ಲು ಒಂಚೂರು ಬಲಕ್ಕೆ ವಾಲಿತ್ತು. ಇರಲಿ ಅಂದುಕೊಂಡರು.

ಭಾನುವಾರ ಬೆಳಗಾಗುವ ಮುಂಚೆಯೇ ಬಸವರಾಜು ಗಾಡಿ ಕಟ್ಟಿದ. ಬೆಟ್ಟದಪುರದಲ್ಲಿ ಬಸ್ಸಿಗೆ ಕಾದ. ಬರಲಿಲ್ಲ. ಎತ್ತುಗಳ ಕೊರಳಗಂಟೆ ಬಿಚ್ಚಿದ, ಮತ್ತೆ ಕಟ್ಟಿದ. ಎರಡು ಟೀ ಕುಡಿದ, ಎರಡರ ರುಚಿಯೂ ತಿಳಿಯಲಿಲ್ಲ. ಬಿಸಿಲೇರಿದ ಮೇಲೆ ಬಸ್ಸಿಳಿದ ಗುರುಮಲ್ಲಪ್ಪನವರು ಗಾಡಿಯಲ್ಲಿ ಕೂತು, ದಾರಿಯುದ್ದಕ್ಕೂ ನೆಲವನ್ನೇ ನೋಡುತ್ತಾ ಬಂದರು.

ಊರು ಹತ್ತಿರವಾಯಿತು. ಓಣಿಯ ಬಾಯಲ್ಲಿ ಬೆಳ್ಳಗೆ ಕಾಣಬೇಕಾದ ಕಲ್ಲು ಕಾಣಲಿಲ್ಲ. ಕಂಡದ್ದು ಬೇವಿನ ಸೊಪ್ಪಿನ ಚಪ್ಪರ, ಸಾಂಬ್ರಾಣಿ ಹೊಗೆ, ಸಾಲಾಗಿ ಬಿಟ್ಟ ಎಕ್ಕಡಗಳು, ಊರ ಹೆಂಗಸರೆಲ್ಲ.

ಸುಣ್ಣ, ಕೆಮ್ಮಣ್ಣು ಬಳಿದ ಕಲ್ಲನ್ನು ಹೊನ್ನೇಕೊಪ್ಪಲಿನವರು ಕಂಡಿದ್ದು ಒಂದೇ ಕಡೆ, ಗುಡಿಯಲ್ಲಿ. ಟಾರು ರೋಡಿನ ಪಕ್ಕದ ಕಲ್ಲುಗಳನ್ನು ಬಸ್ಸಿನ ಕಿಟಕಿಯಿಂದ ನೋಡಿದವರು ಊರಲ್ಲಿ ನಾಲ್ಕು ಜನ ಇದ್ದರೆ ಹೆಚ್ಚು. ಹೊಲಕ್ಕೆ ಹೊರಟ ಒಬ್ಬಳು ಕೈಮುಗಿದಳು, ಇನ್ನೊಬ್ಬಳು ಅರಿಶಿನ ಮೆತ್ತಿದಳು, ಮಿಕ್ಕದ್ದು ತಾನಾಗಿ ಆಯಿತು. ಎಲ್ಲರ ಮುಂದೆ ಮಂಗಳಾರತಿ ತಟ್ಟೆ ಹಿಡಿದವರು ಪುಟ್ಟತಾಯಮ್ಮ!

“ಗಾಡಿ ನಿಲ್ಸ್ಲಾ ಮಗ, ಅಮ್ಮ ನೆಲ್ದಿಂದ ಎದ್ದವ್ಳೆ! ಬೀಗರು ಬರೋ ದಿನವೇ ಎದ್ದವ್ಳೆ! ಬನ್ನಿ ಅಣ್ಣಾ, ಕೈ ಮುಗೀರಿ.”

ಬಸವರಾಜು ಹಗ್ಗ ಎಳೆದು ಗಾಡಿ ನಿಲ್ಲಿಸಿದ. ಹೇಳಿದರೆ ಊರೆದುರು ತಾಯಿಗೆ ಅವಮಾನ, ಹೇಳದಿದ್ದರೆ? ಅಷ್ಟರಲ್ಲಿ ಗುರುಮಲ್ಲಪ್ಪನವರು ಮೆಟ್ಟು ಬಿಟ್ಟು ಕಲ್ಲಿನ ಮುಂದೆ ನಿಂತಾಗಿತ್ತು. ನೆತ್ತಿಯ ಮೇಲೆ ಒದ್ದೆ ಸೇವಂತಿಗೆ ಇಟ್ಟು ಕಣ್ಣು ಮುಚ್ಚಿದರು.

“ತಾಯಿ, ನನ್ ಮನ್ಸು ಒಯ್ದಾಡ್ತಾ ಅದೆ. ನಮ್ಮುಡುಗೀನ ಈ ಊರ್ಗೆ ಕೊಡೋದು ನಿನಗೆ ಒಪ್ಗೆ ಆದ್ರೆ ಬಲಕ್ಕೆ ಹೂ ಕೊಡು.”

ವಾಲಿದ ಕಲ್ಲು ಇನ್ನೆಲ್ಲಿಗೆ ಕೊಟ್ಟೀತು? ಹೂ ಜಾರಿ ಬಲಕ್ಕೆ ಬಿತ್ತು. ಹೆಂಗಸರು ಕೆನ್ನೆ ಬಡಿದುಕೊಂಡರು. “ಆಯ್ತು ಕಣವ್ವ, ಕೊಟ್ಟೆ,” ಎಂದು ಕಣ್ಣೊರೆಸಿಕೊಂಡ ಮಾವ ಕಾಯಿ ಒಡೆದು ಅದರ ನೀರನ್ನೆಲ್ಲ ಕಲ್ಲಿನ ಮೇಲೆ ಸುರಿದರು.

ಅರಿಶಿನ ಇಳಿಯಿತು. ಕೀಲೆಣ್ಣೆ ನೀರಿಗೆ ಹೋಗುವಂಥದ್ದಲ್ಲ. ಗುರುಮಲ್ಲಪ್ಪನವರು ಕನ್ನಡಕ ತೆಗೆದು ಹಾಕಿಕೊಂಡರು, ಬಗ್ಗಿದರು.

“ಹು... ಣ... ಸೂ... ರು. ಹದಿನೇಳು.”

ಬೇಲಿಯ ಪಕ್ಕ ತುಟಿ ಕಚ್ಚಿ ನಿಂತಿದ್ದ ಪುಟ್ಟಸ್ವಾಮಿಗೆ ತಡೆಯಲಾಗಲಿಲ್ಲ; ಕಂಡಕ್ಟರನ ಮೂಗುದನಿ ತಾನಾಗಿ ಹೊರಟಿತು. “ಹುಣ್ಸೂರ್, ಹುಣ್ಸೂರ್, ಹುಣ್ಸೂರ್! ಇಳ್ಯೋರು ಇಳ್ಕಳಿ! ರೈಟ್!”

ಮಾವ ಬಸವರಾಜುವಿನ ಕಡೆ ತಿರುಗಿದರು. ಅವನು ಒಂದೇ ಉಸಿರಿಗೆ ಹೇಳಿದ: “ಇದು ಓಣಿ ಮಾವ, ರಸ್ತೆ ಅಲ್ಲ. ಸುಳ್ಳೇಳ್ದೆ. ಕಲ್ಲು ನಾವೇ ನೆಟ್ಟಿದ್ದು. ಎರಡು ಕಡೆ ಒಲಾನೂ ನಮ್ದೇ, ಬೇಲಿ ಹಿಂದಕ್ಕೆ ಆಕಿ ನಿಮ್ಮ ಲೆಕ್ಕದ ರಸ್ತೆ ಮಾಡಿಸ್ತೀನಿ. ಆಮೇಲೇ ಉಡುಗಿ ಕಳ್ಸಿ. ಈ ಹೂವು ಲೆಕ್ಕಕ್ಕೆ ಬ್ಯಾಡ.”

ಗುರುಮಲ್ಲಪ್ಪನವರು ಕಲ್ಲನ್ನು ನೋಡಿದರು, ಕೈಯಲ್ಲಿದ್ದ ಕಾಯಿಹೋಳನ್ನು ನೋಡಿದರು. ಹೊಟ್ಟೆ ಒಂದು ಸಲ ಕುಲುಕಿತು. ಇನ್ನೊಂದು ಸಲ.

“ಲೆಕ್ಕಕ್ಕೆ ಬ್ಯಾಡ ಅನ್ನಕ್ಕೆ ನೀನ್ಯಾರ್ಲಾ? ಜೋಯಿಸ್ರ ಕೈಲಿ ಕೇಳ್ದೆ, ದೇವ್ರು ಬರೋ ಗುಡ್ಡಪ್ಪನ್ ಕೈಲಿ ಕೇಳ್ದೆ, ಒಬ್ರೂ ಬಾಯಿ ಬುಡ್ಲಿಲ್ಲ. ಮೈಲಿಗಲ್ಲು ಬುಡ್ತು! ನಾನು ಕೈ ಮುಗ್ದು... ಕಣ್ಣಲ್ಲಿ ನೀರು ಆಕ್ಕಂಡು... ಕಾಯಿ ಬ್ಯಾರೆ...” ನಗು ಉಕ್ಕಿ ಮಾತು ಮುಂದೆ ಹೋಗಲಿಲ್ಲ. “ಮೊದ್ಲು ಬೇಲಿ ಕಡೀರಿ, ಆಮೇಲೆ ಲಗ್ನ!” ಎಂದಷ್ಟು ಹೇಳಿ ಗಾಡಿಯ ಮೂಕಿ ಹಿಡಿದುಕೊಂಡರು.

ಪುಟ್ಟತಾಯಮ್ಮ ಮುಸಿಮುಸಿ ನಕ್ಕರು, ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು, ಪುಟ್ಟಸ್ವಾಮಿ ಐದಾರು ದನಿಯಲ್ಲಿ ನಕ್ಕ. ಆದರೆ ಊರೊಳಗಿದ್ದ ಮುದುಕರು ಎದ್ದು ಹೊರಗೆ ಬಂದದ್ದು ಗುರುಮಲ್ಲಪ್ಪನವರ ನಗುವಿಗೆ.