ಒತ್ತಿದ ಮೇಲೆ ಏನಾಗುತ್ತದೆ

“ಹಗ್ಗ ಬಿಗೀರಿ. ಇನ್ನ ಕಾಯಾಕ ಆಗಂಗಿಲ್ಲ,” ಎನ್ನುತ್ತ ಅನೀಲಕುಮಾರ ಚಟ್ಟದ ಬಿದಿರಿಗೆ ಮೊಣಕಾಲು ಊರಿದ. ಮೇ ತಿಂಗಳ ಬಿಸಿಲು. ಭಾಲ್ಕಿಯ ಆ ಮನೆಯಂಗಳದಲ್ಲಿ ಅವನ ಅಣ್ಣ ನರಸಿಂಗನ ದೇಹ ನಿನ್ನೆ ಸಂಜೆಯಿಂದ ಇತ್ತು. ಬಿಳಿ ಸೀರೆಯ ಹೆಂಗಸರು ‘ಬುದ್ಧಂ ಸರಣಂ’ ಎಂದು ತ್ರಿಸರಣ ಹೇಳಿ ಮುಗಿಸಿದ್ದರು.

“ಕಾಕಾ, ಅತ್ತಿ ಬರ್ತಾಳ. ಮೂರರ ತನಕ ನಿಲ್ರಿ,” ಎಂದಳು ನರಸಿಂಗನ ಮಗಳು ವಿಶಾಖಾ.

“ಹ್ಯಾಂಗ ಬರ್ತಾಳವ್ವಾ? ಅಕ್ಕಗ ಸುದ್ದಿ ಮುಟ್ಟೂದ್ರಾಗ ಅಕಿ ಊರು ಡಾಬಕಾದ ಬಸ್ ಮುಂಜಾನೇನೇ ಹೋಗ್ಯದ. ಮಗ ಸೊಸಿ ಊರಾಗಿಲ್ಲ. ಅಕ್ಕ ಒಬ್ಬಾಕಿನೇ ಎಂದೂ ಔರಾದ ದಾಟಿಲ್ಲ.”

“ಜೀಪಿನ್ಯಾಗ ಸೀಟು ಹಿಡದಾಳಂತ. ಫೋನಿನ್ಯಾಗ.”

“ಎಪ್ಪತ್ತರ ಮುದುಕಿ ಫೋನಿನ್ಯಾಗ ಸೀಟು ಹಿಡೀತಾಳ? ಏನರ ಮಾತಾಡ್ತಿ!” ಅನೀಲಕುಮಾರ ಕಣ್ಣೊರೆಸಿಕೊಂಡ. ಅಕ್ಕ ತಮ್ಮನ ಮುಖ ನೋಡಲಿ ಎಂಬ ಆಸೆ ಅವನಿಗೂ ಇತ್ತು. ಆದರೆ ಬಿಸಿಲು ಕೇಳಬೇಕಲ್ಲ.

*

ನರಸಿಂಗನ ಕೆಲಸವನ್ನು ಕೆಲಸವೆಂದು ಊರಲ್ಲಿ ಯಾರೂ ಒಪ್ಪಿರಲಿಲ್ಲ. ಊರಿಂದೂರಿಗೆ ಹೋಗುವ ಜೀಪುಗಳಲ್ಲಿ ಖಾಲಿ ಸೀಟು ತೋರಿಸುವ ಆ್ಯಪ್ ಒಂದನ್ನು ಬೀದರಿನ ಸಣ್ಣ ಕಂಪನಿ ಮಾಡಿತ್ತು. ಅದನ್ನು ಬಳಸುವುದು ಹೇಗೆಂದು ಕನ್ನಡದಲ್ಲಿ ಬರೆಯುವವನು ಇವನು. ಮೊದಲು ಅದರಲ್ಲಿ ‘ನಿಮ್ಮ ಸ್ಥಳವನ್ನು ಸಕ್ರಿಯಗೊಳಿಸಿ’ ಎಂದಿತ್ತು. ಬಿ.ಎ. ಮುಗಿಸಿದವರೂ ಅದನ್ನೋದಿ ತಲೆ ಕೆರೆದುಕೊಂಡಿದ್ದರು.

ನರಸಿಂಗ ಬರೆದ ಪ್ರತಿ ಸಾಲೂ ಮೊದಲು ಡಾಬಕಾಕ್ಕೆ, ಅಕ್ಕ ಕೌಸಲ್ಯಾಬಾಯಿಯ ಫೋನಿಗೆ ಹೋಗುತ್ತಿತ್ತು. ಅರವತ್ತು ದಾಟಿದ ಮೇಲೆ ಅಕ್ಷರ ಕಲಿತವಳು ಅವಳು; ಕೂಡಿಸಿ ಕೂಡಿಸಿ ಓದುತ್ತಿದ್ದಳು. ಅವಳು ತಡವರಿಸಿದ ಸಾಲು ಅಲ್ಲಿಗೇ ಖತಂ.

“ಹಸಿರು ಗುಂಡಿ ಒತ್ತು ಅಂದಿ. ಒತ್ತಿದ ಮ್ಯಾಲ ಏನಾಗ್ತದೋ ನರಸಿಂಗಾ? ಅದು ಹೇಳಲಾರದ ಹ್ಯಾಂಗ ಒತ್ತಲಿ? ಫೋನ್ ಕೆಟ್ಟು ಹೋದ್ರ?”

“ಕೆಡಂಗಿಲ್ಲಕ್ಕಾ.”

“ಹಂಗಂತ ಬರಿ ಮತ್ತ!”

ಬರೆದ: ‘ಒತ್ತಿದರೆ ಒಂದು ಚಕ್ರ ತಿರುಗುತ್ತದೆ. ಫೋನು ಕೆಟ್ಟಿಲ್ಲ. ಡ್ರೈವರನ ಹೆಸರು ಬರುವವರೆಗೆ ಕಾಯಿರಿ.’ ಉದ್ದವಾಯಿತೆಂದು ಕಂಪನಿಯವರು ಮೂರು ಸಲ ಕತ್ತರಿಸಿದರು. ಮೂರು ಸಲವೂ ಬೀದರಿಗೆ ಹೋಗಿ ಕುಳಿತು ಸೇರಿಸಿ ಬಂದ. ಎಂಥ ಹಟಮಾರಿ! ಅಂಥ ಹಟಕ್ಕೆ ಕೈ ಮುಗಿಯಬೇಕು.

*

ಮೂರು ಹೊಡೆಯಿತು. ಅತ್ತೆಯ ಫೋನು ಹತ್ತಲಿಲ್ಲ. ವಿಶಾಖಾ ತಂದೆಯ ಮುಖವನ್ನೇ ನೋಡುತ್ತ ಹಿಂದೆ ಸರಿದಳು. ನಾಲ್ವರು ಚಟ್ಟ ಎತ್ತಿದರು.

ಓಣಿಯ ಬಾಯಿಗೆ ಬರುವಷ್ಟರಲ್ಲಿ ಧೂಳೆಬ್ಬಿಸುತ್ತ ಜೀಪೊಂದು ಅಡ್ಡ ನಿಂತಿತು.

“ಇಳಸ್ರೋ! ನನ್ನ ತಮ್ಮನ್ನ ಇಳಸ್ರೋ!”

ಇಳಿಸಿದರು. ಕೌಸಲ್ಯಾಬಾಯಿ ರಸ್ತೆಯ ಮೇಲೆಯೇ ಕುಳಿತು ಅವನ ಕೆನ್ನೆ ಸವರಿದಳು.

“ಯಾರನ್ನೂ ಕೇಳಲಿಲ್ಲೋ ನಾ. ನೀ ಬರದಂಗ ಒಂದೊಂದೇ ಒತ್ಕೋತ ಬಂದೀನಿ. ಒಂದು ಮಾತೂ ತಪ್ಪಲಿಲ್ಲೋ, ನನ್ನಪ್ಪಾ!” ಎಂದವಳು ಬಾಯಿ ತೆರೆದು ಅತ್ತಳು. ಅನೀಲಕುಮಾರನೂ ಅಕ್ಕನ ಭುಜ ಹಿಡಿದು ಅತ್ತ.

ಜೀಪಿನ ಡ್ರೈವರ್ ಕುತುಬೋದ್ದೀನ ಬಾಗಿಲು ಹಿಡಿದು ನಿಂತಿದ್ದ. “ಅದನ್ನ ಬರದವರು ಇವರೇನ್ರಿ?” ಎಂದು ವಿಶಾಖಾಳನ್ನು ಕೇಳಿದ.

“ಹೌದ್ರಿ. ನಮ್ಮಪ್ಪ.”

“ನಾ ಮೂರನೇ ಕ್ಲಾಸಿನ ತನಕ ಓದಿದಾಂವರಿ. ಅದನ್ನ ಓದಿಕೋತನೇ ಈ ಗಾಡಿ ನಡಸ್ತೇನಿ.” ಅವನು ಇಂಜಿನ್ ಆರಿಸಿ ಒಳಗೆ ಬಗ್ಗಿದ. “ಬೀದರಿಗೆ ಹೋಗೋರು ಒಂದರ್ಧ ತಾಸು ಕೂಡ್ರಿ. ಯಾರೂ ಬೇಜಾರಾಗಬ್ಯಾಡ್ರಿ.”

ಯಾರೂ ಜೀಪಿನಲ್ಲಿ ಕೂರಲಿಲ್ಲ.

ಮತ್ತೆ ಚಟ್ಟ ಎತ್ತುವಾಗ ಅನೀಲಕುಮಾರ ಮುಂದಿನ ಬಿದಿರು ಬಿಟ್ಟು ಸರಿದ. ಕುತುಬೋದ್ದೀನ ಚಪ್ಪಲಿ ಕಳಚಿ ಅಲ್ಲಿ ಹೆಗಲು ಕೊಟ್ಟ. ಬೀದರಿಗೆಂದು ಹೊರಟಿದ್ದ ಆರು ಜನ ತಮ್ಮ ತಮ್ಮ ಚೀಲ ಹಿಡಿದುಕೊಂಡೇ ಹಿಂದೆ ನಡೆದರು.